ಬಸಂತರ್ ಕದನದ ಸೆಂಚುರಿಯನ್ ಟ್ಯಾಂಕುಗಳಿಗೆ ಯಾವ ಮಣ್ಣು ಮೆತ್ತಬೇಕು?

ಕುಂಚಪ್ರಿಯ, ತುಮಕೂರು

ಎಲ್ಲರಿಗೂ ನಮಸ್ಕಾರ. 1971ರ ಡಿಸೆಂಬರಿನ ಭಾರತ-ಪಾಕಿಸ್ತಾನ ಯುದ್ಧದ ಬಸಂತರ್ ಕದನವನ್ನು ಪುಟಾಣಿ ಟ್ಯಾಂಕುಗಳಿಂದ ಮೇಜಿನ ಮೇಲೆ ಆಡಬೇಕೆಂದು ನಾನೂ ನನ್ನ ಗೆಳೆಯರೊಬ್ಬರೂ ಐದು ತಿಂಗಳಿಂದ ಸಿದ್ಧತೆ ನಡೆಸಿದ್ದೇವೆ. ಪೂನಾ ಹಾರ್ಸ್ ರೆಜಿಮೆಂಟಿನ ಸೆಂಚುರಿಯನ್‌ಗಳು ನನ್ನ ಪಾಲಿಗೆ, ಎದುರು ಪಕ್ಷದ ಪ್ಯಾಟನ್‌ಗಳು ಅವರ ಪಾಲಿಗೆ. ಅಳತೆ 1:100. ಹತ್ತು ಸೆಂಚುರಿಯನ್‌ಗಳನ್ನು ರೆಸಿನ್ ಪ್ರಿಂಟರಿನಲ್ಲಿ ತೆಗೆಸಿ, ಪ್ರೈಮರ್ ಹೊಡೆದು, ಆಲಿವ್ ಹಸಿರು ಬಳಿದು, ಸಂದುಗಳಿಗೆ ಕಂದು ವಾಶ್ (ನೀರಾಗಿಸಿದ ತೆಳು ಬಣ್ಣ) ಇಳಿಸಿದ್ದೇನೆ. ಅಲ್ಲಿಯವರೆಗೆ ಎಲ್ಲವೂ ಮನಸ್ಸಿಗೆ ಒಪ್ಪುವಂತೆ ಬಂದಿತ್ತು.

ಆಮೇಲೆ ನಮ್ಮ ಹಿತ್ತಿಲಿನ ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿ, ಟ್ರ್ಯಾಕುಗಳಿಗೂ ಕೆಳಭಾಗಕ್ಕೂ ಮೆತ್ತಿದೆ. ಗೆಳೆಯರು ಬಂದು ನೋಡಿದವರೇ, "ಇವು ಸಂಡೂರಿನಿಂದ ಅದಿರು ಹೊತ್ತು ಬಂದ ಲಾರಿಗಳ ಹಾಗಿವೆಯಲ್ಲ" ಎಂದುಬಿಟ್ಟರು. ಆ ಮಾತು ಕೇಳಿದ ಮೇಲೆ ನನಗೂ ಅವು ಹಾಗೆಯೇ ಕಾಣತೊಡಗಿವೆ. ಮಣ್ಣಿನ ಬಣ್ಣ ಯಾವುದಿರಬೇಕು? ಅಂಚುಗಳಲ್ಲಿ ಬಣ್ಣ ಎದ್ದುಹೋದಂತೆ ತೋರಿಸಲು ಸ್ಪಂಜಿನಿಂದ ಬೆಳ್ಳಿ ಬಣ್ಣ ತಟ್ಟಿದ್ದೇನೆ, ಅದು ಸರಿಯೇ? ಎರಡು ಟ್ಯಾಂಕುಗಳಿಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸಿಂಪಡಿಸಿದಾಗ ಮೈಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಯಿತು, ಅದಕ್ಕೇನು ಪರಿಹಾರ? ತಿಳಿದವರು ದಯವಿಟ್ಟು ಹೇಳಬೇಕು.

ಸಣ್ಣಳತೆ

ನಿಮ್ಮ ಗೆಳೆಯರು ಹೇಳಿದ್ದು ಸರಿ. ಅದು ನಮ್ಮ ಕೆಮ್ಮಣ್ಣು, ಅಲ್ಲಿನ ಮಣ್ಣಲ್ಲ.

ದಾಳಪಟ, ಹುಬ್ಬಳ್ಳಿ

ನನಗೆ ಇದರಲ್ಲಿ ಅಷ್ಟೊಂದು ತಪ್ಪು ಕಾಣುತ್ತಿಲ್ಲ. ಇವು ಆಟದ ಕಾಯಿಗಳು. ಆಡುವಾಗ ನಾವು ಅವನ್ನು ಮೂರಡಿ ದೂರದಿಂದ ನೋಡುತ್ತೇವೆ. ಅಷ್ಟು ದೂರದಿಂದ ಹಸಿರು ಮೈ, ಕೆಂಪು ಮಣ್ಣು, ಬೆಳ್ಳಿ ಅಂಚು ಎಲ್ಲವೂ ಬೇರೆ ಬೇರೆಯಾಗಿ ಎದ್ದು ಕಂಡರೆ ಮೇಜು ತುಂಬಿದಂತೆ ಕಾಣುತ್ತದೆ. ನಿಜದ ಬಣ್ಣವನ್ನೇ ಹಿಡಿದು ಕುಳಿತರೆ ಹಸಿರು ಹುಲ್ಲುಹಾಸಿನ ಮೇಲಿನ ಹಸಿರು ಟ್ಯಾಂಕು ಕಣ್ಣಿಗೇ ಬೀಳುವುದಿಲ್ಲ. ಐದು ತಿಂಗಳ ದುಡಿಮೆಯನ್ನು ಒಂದು ಮಾತಿಗೆ ಹೆದರಿ ಅಳಿಸಬೇಡಿ.

ಮೆಕ್ಕಲು ಮಣ್ಣು

ದಾಳಪಟ ಅವರೇ, ಎದ್ದು ಕಾಣಬೇಕೆಂಬುದನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ಕೆಂಪೇ ಬೇಕೆಂದೇನಿಲ್ಲ. ನಾನು ಬೇಸಾಯ ಇಲಾಖೆಯ ಕೆಲಸದ ಮೇಲೆ ಪಂಜಾಬಿನಲ್ಲಿ ಎರಡು ವರ್ಷ ಇದ್ದವನು, ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಸಂತರ್ ಎಂಬುದು ರಾವಿ ನದಿಗೆ ಸೇರುವ ಉಪನದಿ. ಕದನ ನಡೆದ ಶಕರ್‌ಗಢ ಪ್ರದೇಶವು ರಾವಿ ಮತ್ತು ಚಿನಾಬ್ ನದಿಗಳ ನಡುವಣ ಸೀಮೆಯಲ್ಲಿದೆ. ಹಿಮಾಲಯದಿಂದ ಇಳಿದ ನದಿಗಳು ಸಾವಿರಾರು ವರ್ಷ ತಂದು ಹರಡಿದ ಮೆಕ್ಕಲು ಮಣ್ಣು ಅದು. ನಮ್ಮ ಕೆಮ್ಮಣ್ಣಿಗೆ ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ. ಅಲ್ಲಿಯ ಮಣ್ಣಿನಲ್ಲಿ ಆ ಕೆಂಪು ಇಲ್ಲ, ಅನೇಕ ಕಡೆ ಸುಣ್ಣದ ಅಂಶ ಬೆರೆತಿರುತ್ತದೆ. ಒಣಗಿದಾಗ ಅದರ ಬಣ್ಣ ಹೇಗಿರುತ್ತದೆ ಎಂದರೆ, ಗೋಧಿ ಹಿಟ್ಟಿಗೆ ಒಂದು ಹಿಡಿ ರಾಗಿ ಹಿಟ್ಟು ಬೆರೆಸಿ ತಟ್ಟೆಯಲ್ಲಿ ಹರವಿದ ಹಾಗೆ. ಒದ್ದೆಯಾದಾಗ ಅದೇ ಮಣ್ಣು ಬೂದು ಮಿಶ್ರಿತ ಕಂದಾಗುತ್ತದೆ. ನೆನೆಸಿದ ಹುಣಸೆಹಣ್ಣಿನ ಕೆಂಗಂದು ಅಲ್ಲ, ನೆನೆದ ಗೋಣಿಚೀಲದ ಬಣ್ಣ.

ಇನ್ನೊಂದು ಸಂಗತಿ, ಕಾಲ. ಡಿಸೆಂಬರ್ ನಡುವೆ ಅಲ್ಲಿ ಮಳೆಗಾಲ ಮುಗಿದು ಎರಡು ತಿಂಗಳಾಗಿರುತ್ತದೆ, ಬೆಳಿಗ್ಗೆ ಮಂಜು ಕವಿಯುತ್ತದೆ. ಹಾಗಾಗಿ ಟ್ಯಾಂಕಿನ ಮೇಲುಭಾಗದಲ್ಲಿ ತಿಳಿ ಬಣ್ಣದ ಧೂಳು ಇರಬೇಕು, ನದಿ ದಾಟಿದ ಕೆಳಭಾಗದಲ್ಲಿ ಮಾತ್ರ ಹಸಿ ಕೆಸರು. ಆ ತಿಳಿ ಧೂಳು ಆಲಿವ್ ಹಸಿರಿನ ಮೇಲೆ ಎಷ್ಟು ಚೆನ್ನಾಗಿ ಎದ್ದು ಕಾಣುತ್ತದೆಂದರೆ, ದಾಳಪಟ ಅವರು ಕೇಳುವ ಅಂತರ ತಾನಾಗಿಯೇ ಸಿಗುತ್ತದೆ.

ಗುಂಡುಕಲ್ಲು

ಆದರೆ ಪ್ಯಾಟನ್‌ಗಳು ಕಬ್ಬಿನ ಗದ್ದೆಯ ಕೆಸರಿನಲ್ಲಿ ಹೂತುಹೋದದ್ದು ಇದೇ ಕದನದಲ್ಲಿ ಅಲ್ಲವೇ? ಹಾಗಿದ್ದರೆ ಧೂಳು ಎಲ್ಲಿಂದ ಬಂತು?

ಮೆಕ್ಕಲು ಮಣ್ಣು

ಅಲ್ಲ. ಅದು 1965ರ ಅಸಲ್ ಉತ್ತರ್ ಕದನ, ಖೇಮ್‌ಕರಣ್ ಬಳಿ ಸೆಪ್ಟೆಂಬರ್ 8ರಿಂದ 10ರವರೆಗೆ ನಡೆದದ್ದು. ಆಗ ಕಬ್ಬು ಆಳೆತ್ತರಕ್ಕಿಂತ ಮೇಲೆ ಬೆಳೆದು ನಿಂತಿತ್ತು, ಕಾಲುವೆಯ ನೀರನ್ನು ಗದ್ದೆಗಳಿಗೆ ಹರಿಯಬಿಟ್ಟಿದ್ದರು, ಆ ಕೆಸರಿನಲ್ಲಿ ಪ್ಯಾಟನ್‌ಗಳು ಸಿಕ್ಕಿಬಿದ್ದವು. 106 ಮಿಲಿಮೀಟರ್ ತೋಪು ಹೊತ್ತ ಜೀಪಿನಿಂದ ಅಬ್ದುಲ್ ಹಮೀದ್ ಅವರು ಟ್ಯಾಂಕುಗಳನ್ನು ಹೊಡೆದದ್ದು ಅಲ್ಲಿಯೇ. ನೀವು ಆ ಕದನವನ್ನು ಆಡುವುದಾದರೆ ಪ್ಯಾಟನ್‌ಗಳಿಗೆ ಗಾಲಿ ಮುಳುಗುವಷ್ಟು ಹಸಿ ರಾಡಿ ಮೆತ್ತಬಹುದು, ಟ್ರ್ಯಾಕಿನ ಸಂದಿನಲ್ಲಿ ಕಬ್ಬಿನ ಸೋಗೆಯನ್ನೂ ಸಿಕ್ಕಿಸಬಹುದು. ಎರಡೂ ಒಂದೇ ಬಗೆಯ ಮೆಕ್ಕಲು ಮಣ್ಣು. ಆದರೆ ಒಂದು ಸೆಪ್ಟೆಂಬರಿನದು, ಇನ್ನೊಂದು ಡಿಸೆಂಬರಿನದು. ಯಾವ ಊರು ಎಂದು ಕೇಳುವಷ್ಟೇ ಕಾಳಜಿಯಿಂದ ಯಾವ ತಿಂಗಳು ಎಂದೂ ಕೇಳಬೇಕು ಎಂಬುದೇ ನನ್ನ ವಾದ.

ಗುಂಡುಕಲ್ಲು

ತಿದ್ದಿದ್ದಕ್ಕೆ ಧನ್ಯವಾದಗಳು. ನಾನು ಎರಡನ್ನೂ ಒಂದಾಗಿಸಿಕೊಂಡಿದ್ದೆ.

ಸಣ್ಣಳತೆ

ಈಗ ಬೆಳ್ಳಿ ಬಣ್ಣದ ಮಾತಿಗೆ ಬರೋಣ, ಏಕೆಂದರೆ ನನ್ನ ದೃಷ್ಟಿಯಲ್ಲಿ ಮಣ್ಣಿಗಿಂತ ದೊಡ್ಡ ತಪ್ಪು ಅಲ್ಲಿದೆ. 1:100 ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ ಹತ್ತು ಸೆಂಟಿಮೀಟರ್. ಸೆಂಚುರಿಯನ್‌ನ ಒಡಲು, ತೋಪಿನ ನಳಿಗೆಯನ್ನು ಬಿಟ್ಟು, ಏಳೂವರೆ ಮೀಟರಿನಷ್ಟು ಉದ್ದ. ಅಂದರೆ ನಿಮ್ಮ ಕೈಯಲ್ಲಿರುವುದು ಏಳೂವರೆ ಸೆಂಟಿಮೀಟರಿನ ವಸ್ತು. ನೀವು ಸ್ಪಂಜಿನಿಂದ ತಟ್ಟಿದ ಅತಿ ಚಿಕ್ಕ ಚುಕ್ಕೆ ಅರ್ಧ ಮಿಲಿಮೀಟರ್ ಇದ್ದರೂ ಅದು ನಿಜದ ಟ್ಯಾಂಕಿನ ಮೇಲೆ ಐದು ಸೆಂಟಿಮೀಟರ್ ಅಗಲದ ಬೋಳು ಉಕ್ಕು. ಅಂಥ ಕಲೆಗಳು ಪ್ರತಿ ಅಂಚಿನಲ್ಲೂ ಸಾಲಾಗಿ ಇದ್ದರೆ ಅದು ಗುಜರಿಗೆ ಹೊರಟ ಗಾಡಿ, ಯುದ್ಧಕ್ಕೆ ಹೊರಟ ಟ್ಯಾಂಕಲ್ಲ.

ದೊಡ್ಡ ಅಳತೆಯ, 1:35ರ ಮಾದರಿಗಳಲ್ಲಿ ಬಣ್ಣ ಎದ್ದ ಗುರುತುಗಳನ್ನು ಸಾಕಷ್ಟು ಮಾಡುತ್ತಾರೆ, ಚೆನ್ನಾಗಿಯೂ ಕಾಣುತ್ತದೆ. ಆ ವಿಡಿಯೋಗಳನ್ನು ನೋಡಿ ನಾವು ಅದೇ ಪ್ರಮಾಣವನ್ನು ಮೂರು ಪಟ್ಟು ಚಿಕ್ಕದಾದ ಮಾದರಿಗೆ ತರುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಬಣ್ಣದ ಗಾಢತೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ದೂರದಿಂದ ನೋಡಿದ ವಸ್ತುವಿನ ಬಣ್ಣ ಗಾಳಿಯ ಮಂಜಿನಿಂದ ತಿಳಿಯಾಗುತ್ತದೆ. ಪುಟಾಣಿ ಮಾದರಿಯನ್ನು ನೋಡುವುದೆಂದರೆ ನಿಜದ ಟ್ಯಾಂಕನ್ನು ದೂರದಿಂದ ನೋಡಿದಂತೆ. ಆದ್ದರಿಂದ ಡಬ್ಬಿಯಲ್ಲಿರುವ ಆಲಿವ್ ಹಸಿರನ್ನು ಹಾಗೆಯೇ ಬಳಿದರೆ ಅದು ಕಪ್ಪಾಗಿ ಕಾಣುತ್ತದೆ. ನಾನು ಟಾಮಿಯಾ ಕಂಪನಿಯ ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್‌ಗೆ ಎಕ್ಸ್‌ಎಫ್-57 ಬಫ್ (ತಿಳಿ ಮಣ್ಣಿನ ಬಣ್ಣ) ಬೆರೆಸುತ್ತೇನೆ, ನಾಲ್ಕು ಪಾಲಿಗೆ ಒಂದು ಪಾಲು. ಬಿಳಿ ಬೆರೆಸಿದರೆ ಹಸಿರು ಸುಣ್ಣ ಬಳಿದಂತಾಗುತ್ತದೆ, ಬಫ್ ಬೆರೆಸಿದರೆ ಬಿಸಿಲಿಗೆ ಮಾಸಿದಂತೆ ಕಾಣುತ್ತದೆ.

ಸೌತಾಂಪ್ಟನ್ ಕನ್ನಡಿಗ

ಸಣ್ಣಳತೆ ಅವರ ಮಾತಿಗೆ ಕಣ್ಣಾರೆ ಕಂಡ ಸಾಕ್ಷಿಯೊಂದನ್ನು ಸೇರಿಸುತ್ತೇನೆ. ಡಾರ್ಸೆಟ್‌ನ ಬೋವಿಂಗ್‌ಟನ್ ಟ್ಯಾಂಕ್ ಮ್ಯೂಸಿಯಂ ನನ್ನ ಮನೆಯಿಂದ ಒಂದು ಗಂಟೆಯ ದಾರಿ. ಅಲ್ಲಿ ಒಳಾಂಗಣದಲ್ಲಿ ನಿಂತ ಬ್ರಿಟಿಷ್ ಸೆಂಚುರಿಯನ್‌ನ ಕಡು ಕಂಚುಹಸಿರು ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ. ಅದೇ ಬಣ್ಣದ ಗಾಡಿಯನ್ನು ಹೊರಗೆ ಬಿಸಿಲಿನಲ್ಲಿ, ಮೈದಾನದ ಆಚೆ ಬದಿಯಿಂದ ನೋಡಿದಾಗ ಹಸಿರು ಎಂದು ಗೊತ್ತಾಯಿತು. ಒಂದೇ ಬಣ್ಣ, ಆದರೆ ಎರಡು ಕಡೆ ಎರಡು ರೂಪ. ಮೇಜಿನ ಮೇಲೆ ನಮಗೆ ಬೇಕಾಗಿರುವುದು ಎರಡನೆಯದು.

ದಾಳಪಟ, ಹುಬ್ಬಳ್ಳಿ

ನಮ್ಮ ದೇಶದಲ್ಲೇ ಅಹಮದ್‌ನಗರದಲ್ಲಿ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆಯಲ್ಲ, ಹುಬ್ಬಳ್ಳಿಯಿಂದ ಒಂದು ರಾತ್ರಿಯ ಪ್ರಯಾಣ. ನಾನು ಹೋಗಿ ಸುತ್ತಿ ಬಂದಿದ್ದೇನೆ. ಅಲ್ಲಿಯ ಬಣ್ಣವನ್ನೇ ಆಧಾರವಾಗಿಟ್ಟುಕೊಂಡರೆ ಈ ಲೆಕ್ಕಾಚಾರವೆಲ್ಲ ಏತಕ್ಕೆ?

ಸಣ್ಣಳತೆ

ಆಕಾರಕ್ಕೆ, ಅಳತೆಗೆ, ಯಾವ ಪೆಟ್ಟಿಗೆ ಎಲ್ಲಿದೆ ಎಂಬುದಕ್ಕೆ ಮ್ಯೂಸಿಯಂನಷ್ಟು ಒಳ್ಳೆಯ ಆಧಾರ ಬೇರಿಲ್ಲ. ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ. ಬಯಲಿನಲ್ಲಿ ನಿಲ್ಲಿಸಿದ ಟ್ಯಾಂಕುಗಳಿಗೆ ಮಳೆ ಬಿಸಿಲಿನಿಂದ ಕಾಪಾಡಲು ಮತ್ತೆ ಮತ್ತೆ ಬಣ್ಣ ಬಳಿಯುತ್ತಾರೆ. ಅದು ಬಹುತೇಕ ಹೊಳಪಿನ ಎನಾಮೆಲ್ ಬಣ್ಣವಾಗಿರುತ್ತದೆ. ಗಾಲಿಯ ರಬ್ಬರಿಗೂ ಟ್ರ್ಯಾಕಿಗೂ ಕಪ್ಪು ಬಣ್ಣವನ್ನೇ ಹೊಡೆದಿರುತ್ತಾರೆ. 1971ರ ಕಪ್ಪು ಬಿಳುಪು ಛಾಯಾಚಿತ್ರಗಳಲ್ಲಿ ಬಣ್ಣ ಗೊತ್ತಾಗದಿದ್ದರೂ ಧೂಳು ಎಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ನಾನು ಅವನ್ನೇ ನೋಡುತ್ತೇನೆ.

ನಿವೃತ್ತ ಸವಾರ, ಬೆಳಗಾವಿ

ನಾನು ಈ ಹವ್ಯಾಸದವನಲ್ಲ, ನನ್ನ ಮಗ ಟ್ಯಾಂಕುಗಳಿಗೆ ಬಣ್ಣ ಬಳಿಯುತ್ತಾನೆ. ಅವನು ಈ ಚರ್ಚೆಯನ್ನು ತೋರಿಸಿದ್ದರಿಂದ ಬರೆಯುತ್ತಿದ್ದೇನೆ. ಎಂಬತ್ತರ ದಶಕದಲ್ಲಿ ನಾನು ಟಿ-72ರ ಚಾಲಕನಾಗಿದ್ದೆ, ಹೆಚ್ಚು ಕಾಲ ರಾಜಸ್ಥಾನದಲ್ಲಿ, ಕೆಲವು ಕಾಲ ಪಂಜಾಬಿನಲ್ಲಿ. ಸೆಂಚುರಿಯನ್ ಓಡಿಸಿಲ್ಲ, ಆದರೆ ಟ್ಯಾಂಕು ಹೇಗೆ ಕೊಳೆಯಾಗುತ್ತದೆ ಎಂಬುದು ಎಲ್ಲ ಟ್ಯಾಂಕುಗಳಿಗೂ ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ಧೂಳು ಎಲ್ಲ ಕಡೆ ಒಂದೇ ಸಮನಾಗಿ ಕೂರುವುದಿಲ್ಲ. ಟ್ರ್ಯಾಕು ಮಣ್ಣನ್ನು ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಹಿಂಬದಿಯ ತಗಡು, ಹಿಂದಿನ ಫೆಂಡರ್, ಎಂಜಿನ್ ಮುಚ್ಚಳ ಇವೇ ಹೆಚ್ಚು ಮುಚ್ಚಿಹೋಗುವುದು. ಸಾಲಿನಲ್ಲಿ ಮೊದಲು ಹೋಗುವ ಟ್ಯಾಂಕಿನ ಮುಂಭಾಗ ಸ್ವಚ್ಛವಾಗಿರುತ್ತದೆ, ನಾಲ್ಕನೆಯದರ ಮುಂಭಾಗದಲ್ಲಿ ಚಾಲಕನ ಮುಖವೂ ಸೇರಿ ಎಲ್ಲವೂ ಒಂದೇ ಬಣ್ಣ.

ಎರಡನೆಯದು, ನಾವು ಟ್ಯಾಂಕಿನ ಮೇಲೆ ಎಲ್ಲೆಂದರಲ್ಲಿ ಹತ್ತುವುದಿಲ್ಲ. ಕಾಲಿಡುವ ಜಾಗ ಗೊತ್ತಾಗಿರುತ್ತದೆ, ಕೈ ಹಿಡಿಯುವ ಜಾಗವೂ ಗೊತ್ತಾಗಿರುತ್ತದೆ. ಆ ದಾರಿಯಲ್ಲಿ ಧೂಳು ನಿಲ್ಲುವುದಿಲ್ಲ. ಬೂಟಿನ ಉಜ್ಜಿಗೆ ಬಣ್ಣ ಸವೆದು ಅಲ್ಲಿ ಕಂದುಗಪ್ಪು ಹೊಳಪು ಬಂದಿರುತ್ತದೆ. ಒಳಗಿಳಿಯುವ ಬಾಯಿಯ, ಅಂದರೆ ಹ್ಯಾಚಿನ ಅಂಚೂ ಹಾಗೆಯೇ. ಬಣ್ಣ ಎದ್ದ ಗುರುತು ತೋರಿಸಬೇಕೆಂದರೆ ಅಲ್ಲಿ ತೋರಿಸಿ, ಯಾರೂ ಮುಟ್ಟದ ಮೂಲೆಗಳಲ್ಲಿ ಬೇಡ. ಅಲ್ಲಿ ಕಾಣುವುದೂ ಬೆಳ್ಳಿಯಲ್ಲ. ಮೊದಲು ಕೆಳಗಿನ ಹಳೆಯ ಬಣ್ಣ, ಅದೂ ಸವೆದ ಮೇಲೆ ಕಪ್ಪಗಾದ ಉಕ್ಕು.

ಮೂರನೆಯದು, ಡೀಸೆಲ್ ತುಂಬುವ ಬಾಯಿಯ ಸುತ್ತ, ಗಾಲಿಯ ಗುಂಬದಲ್ಲಿ ಎಣ್ಣೆ ಜಿನುಗುವ ಕಡೆ, ಧೂಳು ಅಂಟಿಕೊಂಡು ಕಪ್ಪು ಮೇಣದಂತಾಗಿರುತ್ತದೆ. ಇಡೀ ಟ್ಯಾಂಕು ಮಂಕಾಗಿದ್ದರೂ ಅದೊಂದು ಜಾಗ ಹಸಿಯಾಗಿ ಮಿನುಗುತ್ತದೆ. ಟಿ-72ರಲ್ಲಿ ಹೊಗೆಯ ಬಾಯಿ ಎಡಗಡೆಗೆ, ಆದ್ದರಿಂದ ಎಡ ಫೆಂಡರಿನ ಮೇಲೆ ಮಸಿ. ನಿಮ್ಮ ಟ್ಯಾಂಕಿನಲ್ಲಿ ಎಲ್ಲಿದೆ ಎಂದು ನೋಡಿಕೊಳ್ಳಿ.

ತುಕ್ಕಿನ ಬಗೆಗೂ ಒಂದು ಮಾತು. ಚಾಲನೆಯಲ್ಲಿರುವ ಟ್ಯಾಂಕಿಗೆ ದಿನವೂ ಕೈಯಾಡಿಸುತ್ತೇವೆ. ಕಿತ್ತಳೆ ಬಣ್ಣದ ತುಕ್ಕು ಮೈಮೇಲೆ ಹರಿಯುವಷ್ಟು ಬಿಟ್ಟರೆ ಸಿಬ್ಬಂದಿಗೆ ಮೇಲಿನವರಿಂದ ಮಂಗಳಾರತಿ ಖಚಿತ.

ಕುಂಚಪ್ರಿಯ, ತುಮಕೂರು

ಸವಾರರಿಗೆ ನನ್ನ ನಮಸ್ಕಾರಗಳು. ನೀವು ಬರೆದದ್ದನ್ನು ಮೂರು ಸಲ ಓದಿದೆ. ಹತ್ತುವ ದಾರಿಯೊಂದು ಇರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಸೆಂಚುರಿಯನ್‌ನಲ್ಲಿ ಹೊಗೆಕೊಳವೆಗಳು ಎಲ್ಲಿವೆ ಎಂದು ಯಾರಾದರೂ ಖಚಿತವಾಗಿ ಹೇಳುವಿರಾ? ನಾನು ಹಿಂಬದಿಯ ತಗಡಿನ ಮಧ್ಯದಲ್ಲಿ ಮಸಿ ಹಚ್ಚಿದ್ದೇನೆ.

ಸೌತಾಂಪ್ಟನ್ ಕನ್ನಡಿಗ

ಮಧ್ಯದಲ್ಲಲ್ಲ. ಹಿಂಭಾಗದ ಎರಡೂ ಟ್ರ್ಯಾಕ್‌ಗಾರ್ಡ್‌ಗಳ ಮೇಲೆ ಉದ್ದನೆಯ ಸೈಲೆನ್ಸರ್‌ಗಳಿವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಟ್ಯಾಂಕಿನ ಮೇಲೆ ನಿಜವಾದ ತುಕ್ಕು ತೋರಿಸಲು ತಕ್ಕ ಜಾಗವೆಂದರೆ ಅದೇ, ಏಕೆಂದರೆ ಕಾದ ತಗಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಅಲ್ಲಿ ಕಡುಗಂದಿನ ಮೇಲೆ ಚೂರು ಕಿತ್ತಳೆಗಂದು ತಟ್ಟಿ, ಕೊಳವೆಯ ತುದಿಗೆ ಕಪ್ಪು ಪುಡಿ ಸವರಿ. ಮೈಯ ಇತರ ಭಾಗಕ್ಕೆ ತುಕ್ಕೇ ಬೇಡ.

ಕಡಲತಡಿ, ಮಂಗಳೂರು

ವಾರ್ನಿಷ್ ಬೆಳ್ಳಗಾದ ವಿಷಯಕ್ಕೆ ಯಾರೂ ಬಂದಿಲ್ಲ. ನಮ್ಮ ಕರಾವಳಿಯಲ್ಲಿ ಇದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ವರ್ಷದ ಗೋಳು. ಗಾಳಿಯಲ್ಲಿ ತೇವ ಹೆಚ್ಚಾಗಿದ್ದಾಗ ಸ್ಪ್ರೇ ಡಬ್ಬಿಯಿಂದ ಮ್ಯಾಟ್ ವಾರ್ನಿಷ್ ಹೊಡೆದರೆ, ದ್ರಾವಕ ಆರುವಾಗ ಮೈ ತಣ್ಣಗಾಗಿ ತೇವವನ್ನು ಎಳೆದುಕೊಳ್ಳುತ್ತದೆ. ಆ ತೇವ ಪದರದೊಳಗೆ ಸಿಕ್ಕಿ ಮಂಜು ಕವಿದಂತೆ ಕಾಣುತ್ತದೆ. ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸದಿದ್ದರೂ, ಬಹಳ ದೂರದಿಂದ ಹೊಡೆದರೂ, ದಪ್ಪಗೆ ಹೊಡೆದರೂ ಹೀಗಾಗುತ್ತದೆ.

ಟ್ಯಾಂಕು ಹಾಳಾಯಿತೆಂದು ಎದೆಗುಂದಬೇಡಿ. ನೀರಿನಲ್ಲಿ ಕರಗುವ ಹೊಳಪು ವಾರ್ನಿಷನ್ನು ಕುಂಚದಿಂದ ತೆಳ್ಳಗೆ ಒಂದು ಕೈ ಬಳಿಯಿರಿ. ಸಾಮಾನ್ಯವಾಗಿ ಬಿಳುಪು ಕಣ್ಣೆದುರೇ ಮಾಯವಾಗುತ್ತದೆ. ಒಂದು ದಿನ ಪೂರ್ತಿ ಆರಲು ಬಿಟ್ಟು, ಒಣ ಹವೆ ಇರುವಾಗ ಮತ್ತೆ ಮ್ಯಾಟ್ ವಾರ್ನಿಷ್ ಕೊಡಿ. ನಾನಂತೂ ಮಳೆಗಾಲದಲ್ಲಿ ಸ್ಪ್ರೇ ಮುಟ್ಟುವುದನ್ನೇ ಬಿಟ್ಟು, ಕುಂಚದಿಂದ ಬಳಿಯುವ ವಾರ್ನಿಷ್‌ಗೆ ಬಂದಿದ್ದೇನೆ. ಹದವಾಗಿ ನೀರು ಬೆರೆಸಿ ಎರಡು ತೆಳು ಪದರ ಕೊಟ್ಟರೆ ಕುಂಚದ ಗೆರೆ ಉಳಿಯುವುದಿಲ್ಲ.

ಗುಂಡುಕಲ್ಲು

ನನಗೆ ಬೇರೆಯದೇ ತೊಂದರೆ. ರೆಸಿನ್ ಪ್ರಿಂಟಿನ ಮೇಲೆ ಕಂದು ವಾಶ್ ಹಾಕಿದಾಗ ಟರೆಟ್ಟಿನ (ತೋಪು ಹೊತ್ತು ತಿರುಗುವ ಮೇಲ್ಗೋಪುರದ) ಮೇಲೆಲ್ಲ ಮರದ ವರ್ಷಬಳೆಗಳಂಥ ಗೆರೆಗಳು ಮೂಡಿದವು.

ಸಣ್ಣಳತೆ

ಅವು ಪ್ರಿಂಟಿನ ಪದರಗಳ ಗೆರೆಗಳು. ಪ್ರೈಮರ್‌ಗೆ ಮೊದಲು ನುಣುಪು ಕಾಗದದಿಂದ ಉಜ್ಜಿಕೊಳ್ಳಬೇಕು, ಅದೂ ನೀರಿನಲ್ಲಿ ಅದ್ದಿಕೊಂಡೇ ಉಜ್ಜಬೇಕು, ಏಕೆಂದರೆ ರೆಸಿನ್ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಮೈಯೆಲ್ಲ ವಾಶ್ ಸುರಿಯುವುದು ಪ್ಲಾಸ್ಟಿಕ್ ಮಾದರಿಗೆ ಒಗ್ಗಬಹುದು, ಪ್ರಿಂಟಿಗೆ ಒಗ್ಗುವುದಿಲ್ಲ. ಹೊಳಪು ವಾರ್ನಿಷ್ ಕೊಟ್ಟ ಮೇಲೆ, ತೆಳುವಾಗಿಸಿದ ಎಣ್ಣೆಬಣ್ಣವನ್ನು ಸಣ್ಣ ಕುಂಚದ ತುದಿಯಿಂದ ಸಂದಿಗೆ ಮಾತ್ರ ಮುಟ್ಟಿಸಿ. ಅದು ತಾನಾಗಿಯೇ ಸಂದಿನ ಉದ್ದಕ್ಕೂ ಹರಿದುಕೊಳ್ಳುತ್ತದೆ.

ಕುಂಚ ಹಿಡಿದ ಗೃಹಿಣಿ, ಧಾರವಾಡ

ಎಣ್ಣೆಬಣ್ಣದ ಮಾತು ಬಂದದ್ದು ಒಳ್ಳೆಯದಾಯಿತು. ನಾನು ಚಿತ್ರಕಲೆ ಕಲಿತವಳು, ತಮ್ಮನ ಒತ್ತಾಯಕ್ಕೆ ಈ ಹವ್ಯಾಸಕ್ಕೆ ಬಂದೆ. ದುಬಾರಿ ಬಾಟಲಿಗಳಿಲ್ಲದೆ ವೆದರಿಂಗ್ (ಸವೆತ, ಕೊಳೆ ತೋರಿಸುವ ಕೆಲಸ) ಆಗುವುದೇ ಇಲ್ಲವೆಂದು ಹೊಸಬರು ಹೆದರುತ್ತಾರೆ. ಕ್ಯಾಮೆಲ್ ಎಣ್ಣೆಬಣ್ಣದ ಮೂರು ಟ್ಯೂಬು ಸಾಕು: ರಾ ಅಂಬರ್, ಬರ್ಂಟ್ ಅಂಬರ್, ಬಿಳಿ. ಬಣ್ಣವನ್ನು ನೇರವಾಗಿ ಬಳಸದೆ, ಮೊದಲು ರಟ್ಟಿನ ತುಂಡಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಡಿ. ಅಗಸೆ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಉಳಿದ ಬಣ್ಣ ಹೊಳಪಿಲ್ಲದೆ ಬೇಗ ಆರುತ್ತದೆ.

ಆಮೇಲೆ ಟ್ಯಾಂಕಿನ ಪಕ್ಕದ ತಗಡಿನ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆಗಳನ್ನು ಇಟ್ಟು, ವಾಸನೆಯಿಲ್ಲದ ತಿನ್ನರಿನಲ್ಲಿ ಅದ್ದಿ ಒರೆಸಿದ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಮಳೆನೀರು ಇಳಿದ ಗುರುತು ಬರುತ್ತದೆ. ತಪ್ಪಾದರೆ ಒರೆಸಿ ಮತ್ತೆ ಮಾಡಬಹುದು, ಅಕ್ರಿಲಿಕ್‌ನಲ್ಲಿ ಆ ಅವಕಾಶವಿಲ್ಲ. ಸಾಮಾನ್ಯ ಟರ್ಪೆಂಟೈನ್ ಖಾರವಾದದ್ದು, ಕೆಳಗಿನ ಬಣ್ಣವನ್ನೂ ಎಬ್ಬಿಸಬಹುದು. ಆದ್ದರಿಂದ ನಡುವೆ ಒಂದು ವಾರ್ನಿಷ್ ಪದರ ಇರಲೇಬೇಕು. ಕಿಟಕಿ ತೆರೆದಿಟ್ಟುಕೊಂಡು ಕೆಲಸ ಮಾಡಿ.

ಧೂಳಿಗೆ ಒಣ ಪೇಸ್ಟಲ್ ಕಡ್ಡಿಗಳನ್ನು ಉಪ್ಪುಕಾಗದದ ಮೇಲೆ ತೇಯ್ದರೆ ಬೇಕಾದ ಪುಡಿ ಸಿಗುತ್ತದೆ. ಮೆಕ್ಕಲು ಮಣ್ಣು ಅವರು ಹೇಳಿದ ಗೋಧಿ ರಾಗಿ ಹಿಟ್ಟಿನ ಬಣ್ಣಕ್ಕೆ ತಿಳಿ ಓಕರ್, ಬಿಳಿ ಮತ್ತು ಒಂದು ಚೂರು ಬೂದು ಬೆರೆಸಬೇಕು. ತೇಯುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ.

ದಾಳಪಟ, ಹುಬ್ಬಳ್ಳಿ

ಪುಡಿಯ ಬಗೆಗೆ ನನ್ನದೊಂದು ಆಕ್ಷೇಪವಿದೆ, ಇದನ್ನು ಆಡುವವನಾಗಿ ಹೇಳುತ್ತಿದ್ದೇನೆ. ಪ್ರದರ್ಶನದ ಕಪಾಟಿನಲ್ಲಿಡುವ ಮಾದರಿಗೆ ಪುಡಿ ಸರಿ. ಆಟದಲ್ಲಿ ಪ್ರತಿ ಸರದಿಗೂ ಟ್ಯಾಂಕನ್ನು ಕೈಯಲ್ಲಿ ಹಿಡಿದು ಸರಿಸಬೇಕು. ಬೇಸಿಗೆಯಲ್ಲಿ ಬೆವರು ಕೈಯಿಂದ ಹತ್ತು ಸಲ ಮುಟ್ಟಿದರೆ ಪುಡಿ ಬೆರಳಿಗೆ ಬರುತ್ತದೆ, ಟರೆಟ್ಟಿನ ಮೇಲೆ ಬೆರಳಚ್ಚು ಉಳಿಯುತ್ತದೆ. ಅದನ್ನು ಭದ್ರಪಡಿಸಲು ವಾರ್ನಿಷ್ ಹೊಡೆದರೆ ಅರ್ಧ ಪುಡಿ ಮಾಯ. ನನ್ನ ಇಡೀ ಒಂದು ತುಕಡಿ ಹೀಗೆ ಹಾಳಾಯಿತು.

ಕುಂಚ ಹಿಡಿದ ಗೃಹಿಣಿ, ಧಾರವಾಡ

ನಿಮ್ಮ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ದಾರಿಯೂ ಇದೆ. ಪುಡಿಯನ್ನು ಒಣದಾಗಿ ಉದುರಿಸಬೇಡಿ. ಅಕ್ರಿಲಿಕ್ ಮ್ಯಾಟ್ ಮೀಡಿಯಂಗೆ ನೀರು ಬೆರೆಸಿ, ಅದರಲ್ಲಿ ಪುಡಿಯನ್ನು ಮಜ್ಜಿಗೆಯ ಹದಕ್ಕೆ ಕಲಸಿ, ಕುಂಚದಿಂದ ಹಚ್ಚಿ. ಆರಿದ ಮೇಲೆ ಉಗುರಿನಿಂದ ಕೆರೆದರೂ ಬಾರದು. ಹಚ್ಚಿದಾಗ ಕಪ್ಪಾಗಿ ಕಂಡರೂ ಆರಿದಂತೆಲ್ಲ ತಿಳಿಯಾಗುತ್ತದೆ, ಆದ್ದರಿಂದ ಹಸಿಯಿರುವಾಗಲೇ ಸಾಲದೆಂದು ಮೇಲೆ ಮೇಲೆ ಬಳಿಯಬೇಡಿ. ಕೊನೆಯ ತೆಳು ಧೂಳನ್ನು ಪುಡಿಯಿಂದಲ್ಲ, ಬಣ್ಣದಿಂದಲೇ ಮಾಡಿ. ವಯೆಹೋ ಕಂಪನಿಯ ಬಫ್ ಅಥವಾ ಇರಾಕಿ ಸ್ಯಾಂಡ್ ಬಣ್ಣವನ್ನು ಕುಂಚದಿಂದ ಪೂರ್ತಿ ಒರೆಸಿಬಿಟ್ಟು, ಏನೂ ಉಳಿದಿಲ್ಲವೆನ್ನಿಸಿದಾಗ ಡ್ರೈಬ್ರಷ್ ಮಾಡಿದರೆ ಅದು ಕೈಗೆ ಹತ್ತುವುದಿಲ್ಲ.

ದಾಳಪಟ, ಹುಬ್ಬಳ್ಳಿ

ಅಕ್ಕಾ, ಇದನ್ನು ಒಪ್ಪಿದೆ. ಹಾಳಾದ ತುಕಡಿಗೆ ಈ ಭಾನುವಾರವೇ ಮಾಡಿ ನೋಡುತ್ತೇನೆ.

ಕಾವೇರಿ ಕಣಿವೆ, ಮಡಿಕೇರಿ

ಎಲ್ಲರೂ ಪಂಜಾಬಿನ ಬಯಲಿನಲ್ಲೇ ಇದ್ದೀರಿ, ನಾನು ಬೆಟ್ಟಕ್ಕೆ ಕರೆದೊಯ್ಯುತ್ತೇನೆ. ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಯಲ್ಲಿ ಟ್ಯಾಂಕುಗಳನ್ನು ನುಗ್ಗಿಸಿದ ಕದನವನ್ನು ನಾನು 1:56 ಅಳತೆಯಲ್ಲಿ ಮಾಡುತ್ತಿದ್ದೇನೆ. ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರಕ್ಕೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹೋಗಿದ್ದವು. ಗುಟ್ಟು ಬಯಲಾಗದಿರಲಿ, ದುರ್ಬಲ ಸೇತುವೆಗಳು ತಡೆಯಲಿ ಎಂದು ಜಮ್ಮುವಿನಿಂದ ಶ್ರೀನಗರದವರೆಗೆ ಟರೆಟ್ಟುಗಳನ್ನು ಬಿಚ್ಚಿ ಸಾಗಿಸಿ, ಆಮೇಲೆ ಮತ್ತೆ ಜೋಡಿಸಿದ್ದರು. ಈ ಸಂಗತಿ ಬಣ್ಣಕ್ಕೂ ನೆರವಾಗುತ್ತದೆ: ನಾನು ಟರೆಟ್ ಕೂರುವ ಉಂಗುರದ ಸುತ್ತ ಹೊಸದಾಗಿ ಕಿತ್ತು ಜೋಡಿಸಿದ ಗೀರುಗಳನ್ನು ಸಣ್ಣಗೆ ತೋರಿಸಿದ್ದೇನೆ.

ಅಲ್ಲಿಯ ಕೆಸರಿಗೆ ಕಲ್ಲುಪುಡಿಯ ಬೂದು ಬಣ್ಣ, ಮೇಲೆ ಹಿಮ. ಹಿಮಕ್ಕೆ ಅಡುಗೆ ಸೋಡಾವನ್ನು ಫೆವಿಕಾಲ್‌ನಲ್ಲಿ ಕಲಸಿ ಹಾಕಿದ್ದೇನೆ, ಅಪ್ಪಟ ಬಿಳಿಯಾಗಿ ಬಂದಿದೆ.

ಸಣ್ಣಳತೆ

ಗೀರುಗಳ ಯೋಚನೆ ಬಹಳ ಹಿಡಿಸಿತು. ಆದರೆ ಅಡುಗೆ ಸೋಡಾ ಬೇಡ. ಅಂಟಿನೊಡನೆ ಸೇರಿದ ಸೋಡಾ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ನನ್ನ ಒಂದು ನೆಲಹಾಸು ಎರಡು ವರ್ಷದಲ್ಲಿ ಹಳೆಯ ಬೆಣ್ಣೆಯ ಬಣ್ಣಕ್ಕೆ ಬಂದಿತು. ಹಿಮಕ್ಕೆಂದೇ ಮಾರುವ ಗಾಜಿನ ಸಣ್ಣ ಗೋಲಿಗಳ ಪುಡಿಯನ್ನು ಅಕ್ರಿಲಿಕ್ ಮೀಡಿಯಂನಲ್ಲಿ ಬಳಸಿ.

ಕಾವೇರಿ ಕಣಿವೆ, ಮಡಿಕೇರಿ

ಎರಡು ಟ್ಯಾಂಕುಗಳಿಗೆ ಮಾತ್ರ ಹಾಕಿದ್ದೆ, ಇಂದೇ ತೆಗೆಯುತ್ತೇನೆ. ಸಂಬಂಧಪಟ್ಟದ್ದೋ ಅಲ್ಲವೋ, ಒಂದು ಮಾತು ಹೇಳಿಬಿಡುತ್ತೇನೆ. ಬಸಂತರ್‌ನಲ್ಲಿ ಪೂನಾ ಹಾರ್ಸ್‌ನ ಯುವ ಅಧಿಕಾರಿ ಅರುಣ್ ಖೇತ್ರಪಾಲ್ ಅವರು ಕೊನೆಯವರೆಗೂ ಬಿಡದೆ ಹೋರಾಡಿದ ಟ್ಯಾಂಕಿನ ಹೆಸರು ಫಾಮಗುಸ್ತಾ, ಅದು ಸೈಪ್ರಸ್ ದ್ವೀಪದ ಬಂದರು ಪಟ್ಟಣ. ತಿಮ್ಮಯ್ಯನವರು ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗ 1965ರ ಡಿಸೆಂಬರ್ 18ರಂದು ತೀರಿಕೊಂಡದ್ದು ಅದೇ ದ್ವೀಪದಲ್ಲಿ. ಕುಂಚಪ್ರಿಯ ಅವರು ಆ ಹೆಸರನ್ನು ಬರೆದಿದ್ದಾರೆಯೇ?

ಕುಂಚಪ್ರಿಯ, ತುಮಕೂರು

ಒಂದು ಟ್ಯಾಂಕಿಗೆ ಬರೆಯಬೇಕೆಂದು ಇಟ್ಟಿದ್ದೇನೆ, ಕೈ ನಡುಗುತ್ತದೆಂದು ಮುಂದೂಡುತ್ತಿದ್ದೆ. ಇಪ್ಪತ್ತೊಂದರ ವಯಸ್ಸಿನಲ್ಲಿ ಪ್ರಾಣ ಕೊಟ್ಟ ಹುಡುಗನ ಟ್ಯಾಂಕು ಅದು. ಅದಕ್ಕೆ ತಪ್ಪು ಮಣ್ಣು ಮೆತ್ತಿದ್ದೇನೆ ಎಂಬುದೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದೆ. ಹತ್ತನ್ನೂ ಕೆರೆದು ಮೊದಲಿನಿಂದ ಮಾಡಬೇಕೇ?

ಮೆಕ್ಕಲು ಮಣ್ಣು

ಬೇಡ. ಮೆತ್ತಿದ ಮಣ್ಣಿನ ಉಬ್ಬುತಗ್ಗು ಹಾಗೆಯೇ ಇರಲಿ, ಬಣ್ಣ ಮಾತ್ರ ಬದಲಾಗಲಿ. ಕೆಮ್ಮಣ್ಣಿನ ಮೇಲೆ ಬೂದುಗಂದು ಬಣ್ಣವನ್ನು ಪೂರ್ತಿಯಾಗಿ ಬಳಿದು, ಅದರ ಮೇಲೆ ತಿಳಿ ಮಣ್ಣಿನ ಡ್ರೈಬ್ರಷ್ ಕೊಡಿ. ಕೆಳಗೆ ಗಾಲಿಗಳ ನಡುವೆ ಒದ್ದೆ ಕಂದು, ಮೇಲೇರಿದಂತೆ ತಿಳಿ. ಹಸಿ ಕೆಸರಿಗೆ ತುಸು ಹೊಳಪು ವಾರ್ನಿಷ್ ಮುಟ್ಟಿಸಿ, ಆದರೆ ಎರಡೋ ಮೂರೋ ಜಾಗಕ್ಕೆ ಮಾತ್ರ.

ಕುಂಚಪ್ರಿಯ, ತುಮಕೂರು

ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ಆರು ಟ್ಯಾಂಕುಗಳು ಮುಗಿದವು. ಬಿಳುಪಾಗಿದ್ದ ಎರಡೂ ಹೊಳಪು ವಾರ್ನಿಷ್‌ನಿಂದ ಸರಿಹೋದವು, ಒಂದರ ಟರೆಟ್ಟಿನ ಹಿಂದೆ ಮಾತ್ರ ಚಿಕ್ಕ ಕಲೆ ಉಳಿದಿದೆ, ಅದರ ಮೇಲೆ ಮರೆಮಾಚುವ ಬಲೆಯೊಂದನ್ನು ಹೊದಿಸಿದೆ. ಬೆಳ್ಳಿ ಚುಕ್ಕೆಗಳನ್ನೆಲ್ಲ ಹಸಿರಿನಿಂದ ಮುಚ್ಚಿದ್ದೇನೆ.

ಫಾಮಗುಸ್ತಾಗೆ ಮೂರು ಸಂಜೆ ಹಿಡಿಯಿತು. ಮೊದಲು ತಿಳಿ ಧೂಳನ್ನು ಮೈಮೇಲೆಲ್ಲ ಹರಡಿದೆ. ಆಮೇಲೆ ಸವಾರರು ಹೇಳಿದಂತೆ, ಇಬ್ಬರು ಸಿಬ್ಬಂದಿ ಎಲ್ಲಿಂದ ಹತ್ತುತ್ತಾರೆ ಎಂದು ಮನಸ್ಸಿನಲ್ಲೇ ಹತ್ತಿ ನೋಡಿ, ಮುಂದಿನ ಫೆಂಡರಿನಿಂದ ಟರೆಟ್ಟಿನ ಪಕ್ಕಕ್ಕೆ, ಅಲ್ಲಿಂದ ಕಮಾಂಡರನ ಹ್ಯಾಚಿಗೆ, ಒದ್ದೆ ಕುಂಚದಿಂದ ಧೂಳನ್ನು ಒರೆಸುತ್ತಾ ಹೋದೆ. ಬೂಟಿನ ಅಗಲ ಮೂರು ಮಿಲಿಮೀಟರ್ ಇರಲಿ ಎಂದುಕೊಂಡಿದ್ದೆ, ಆದರೆ ಸಣ್ಣಳತೆ ಅವರ ಲೆಕ್ಕ ನೆನಪಾಗಿ ಒಂದು ಮಿಲಿಮೀಟರಿಗೆ ಇಳಿಸಿದೆ. ಹ್ಯಾಚಿನ ಅಂಚಿಗೆ ಕಂದುಗಪ್ಪಿನ ಒಂದೇ ಒಂದು ಗೆರೆ. ಇಷ್ಟು ಮಾಡಿ ಮೇಜಿನ ಮೇಲಿಟ್ಟು ಹಿಂದೆ ಸರಿದು ನೋಡಿದರೆ, ಯಾರೋ ಈಗ ತಾನೇ ಒಳಗೆ ಇಳಿದಂತೆ ಕಾಣುತ್ತಿತ್ತು. ಗೆಳೆಯರು ಬಂದಾಗ ಏನೂ ಹೇಳದೆ ಅದನ್ನೇ ಬಹಳ ಹೊತ್ತು ನೋಡಿದರು, ತಮ್ಮ ಪ್ಯಾಟನ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಮನೆಗೆ ಒಯ್ದಿದ್ದಾರೆ.

ಉಳಿದದ್ದು ಟ್ರ್ಯಾಕು. ನೆಲಕ್ಕೆ ತಾಗುವ ಮುಖ ಉಜ್ಜಿ ಉಜ್ಜಿ ಹೊಳೆಯಬೇಕಲ್ಲ, ಬೆಳ್ಳಿ ಬಣ್ಣ ಬಳಿದರೆ ಮತ್ತೆ ಅದೇ ತಪ್ಪಾಗುತ್ತದೆಯೇ?

ನಿವೃತ್ತ ಸವಾರ, ಬೆಳಗಾವಿ

ಹೊಳೆಯುವುದು ನಿಜ. ಓಡಿದ ಟ್ರ್ಯಾಕಿನ ಉಬ್ಬುಗಳು ಪಾತ್ರೆಯ ತಳದಂತೆ ಮಿನುಗುತ್ತವೆ, ತಗ್ಗಿನಲ್ಲಿ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಗಾಲಿಗಳು ಉರುಳುವ ಒಳಮುಖಕ್ಕೂ ತುಸು ಹೊಳಪು ಇರುತ್ತದೆ. ಅದನ್ನು ಮರೆಯಬೇಡಿ.

ಕುಂಚ ಹಿಡಿದ ಗೃಹಿಣಿ, ಧಾರವಾಡ

ಬಣ್ಣವೇ ಬೇಡ. 8ಬಿ ಪೆನ್ಸಿಲ್ಲಿನ ಸೀಸವನ್ನು ಓರೆಯಾಗಿ ಹಿಡಿದು ಉಬ್ಬುಗಳ ಮೇಲೆ ಮಾತ್ರ ಉಜ್ಜಿ. ಉಕ್ಕಿನ ಮಂದ ಹೊಳಪು ಬರುತ್ತದೆ, ತಗ್ಗಿಗೆ ಇಳಿಯುವುದಿಲ್ಲ. ಆದರೆ ಅದರ ಮೇಲೆ ವಾರ್ನಿಷ್ ಹೊಡೆದರೆ ಹೊಳಪು ಸಾಯುತ್ತದೆ, ಆದ್ದರಿಂದ ಎಲ್ಲ ಮುಗಿದ ಮೇಲೆ ಕೊನೆಗೆ ಮಾಡಿ.

ಕುಂಚಪ್ರಿಯ, ತುಮಕೂರು

ಮಗಳ ಡ್ರಾಯಿಂಗ್ ಪೆಟ್ಟಿಗೆಯಲ್ಲಿ 6ಬಿ ಸಿಕ್ಕಿತು. ಇನ್ನೂ ಬಾಕಿಯಿರುವ ಏಳನೆಯ ಟ್ಯಾಂಕಿನ ಟ್ರ್ಯಾಕಿನ ಮೇಲೆ ಉಜ್ಜಿ ನೋಡಿದೆ, ಕೆಲಸ ಆಗುತ್ತಿದೆ.